ಸೀಟು ಕರಗಿದ ಕತೆ, ಹೆಲ್ಮೆಟ್ ಬಂದ ಕತೆ

ಕಳೆದ ತಿಂಗಳು ಹಾವೇರಿಯ ಪಿ.ಬಿ. ರಸ್ತೆ ಬದಿಯ ಸೀಟ್ ಕವರ್ ಅಂಗಡಿಗೆ ನಮ್ಮ ಬೈಕು ಒಯ್ದಿದ್ದೆವು. ರೆಗ್ಜಿನ್ ಹರಿದು ಎರಡು ಮಳೆಗಾಲ ಕಳೆದಿತ್ತು. ಒಳಗಿನ ಸ್ಪಂಜು ನೀರು ಕುಡಿದು, ಕೂತಾಗಲೆಲ್ಲ ಪ್ಯಾಂಟಿಗೆ ಮುದ್ರೆ ಒತ್ತುತ್ತಿತ್ತು. ಅಂಗಡಿಯ ಚಾಚಾ ಸೀಟನ್ನು ಬಿಚ್ಚಿ, ತಿರುಗಿಸಿ ನೋಡಿ, "ಸಾಹೇಬ್ರ, ನೀವು ಕುಂತು ಓಡಸೂದಕ್ಕಿಂತ ನಿಂತು ಓಡಸೂದ ಜಾಸ್ತಿ ಐತಿ ನೋಡ್ರಿ. ಮೊಣಕಾಲು ತಾಗೋ ಬದಿ ಸವದಾವು, ನಡುವ ಹಂಗ ಐತಿ" ಅಂದರು.

ಅವರು ಹೇಳಿದ್ದು ನಿಜ. ಜಿಲ್ಲೆಯ ಸ್ಟ್ರಿಂಗರ್ ಆದವನ ದಾರಿ ಡಾಂಬರು ಮುಗಿದಲ್ಲಿ ಶುರುವಾಗುತ್ತದೆ. ಎರೆಹೊಲದ ಬದು, ಹಳ್ಳದ ದಂಡೆ, ಜಲ್ಲಿ ಸುರಿದು ಬಿಟ್ಟ ರಸ್ತೆ, ಕಬ್ಬಿನ ಟ್ರ್ಯಾಕ್ಟರು ಓಡಾಡಿ ಬಿದ್ದ ಗಾಲಿಜಾಡು. ಇಂಥಲ್ಲಿ ಕೂತರೆ ಸೊಂಟ ಉಳಿಯುವುದಿಲ್ಲ. ಫುಟ್‌ರೆಸ್ಟ್ ಮೇಲೆ ಎದ್ದು ನಿಂತು, ಮೊಣಕಾಲು ಸಡಿಲ ಬಿಟ್ಟು, ಗಾಡಿ ಎತ್ತ ಕುಣಿದರೂ ಕುಣಿಯಲು ಬಿಡಬೇಕು. ನಮಗೆ ಇದನ್ನು ಯಾರೂ ಕಲಿಸಿರಲಿಲ್ಲ. ಸೊಂಟವೇ ಕಲಿಸಿತ್ತು.

ಇದನ್ನೇ ಒಂದು ಆಟ ಮಾಡಿ, ನೂರು ವರ್ಷಕ್ಕೂ ಮಿಕ್ಕಿ ಆಡುತ್ತ ಬಂದವರಿದ್ದಾರೆ. ಆ ಆಟದ ಹೆಸರು ಟ್ರಯಲ್ಸ್. ಅದರ ಬೈಕುಗಳಿಗೆ ಇವತ್ತು ಸೀಟೇ ಇಲ್ಲ ಅಂದರೂ ನಡೆಯುತ್ತದೆ. ಆ ಸೀಟು ಎಲ್ಲಿ ಹೋಯಿತು, ಅದರ ಮೇಲೆ ಕೂತವರ ಮೈಮೇಲೆ ಯಾವ ಬಟ್ಟೆ ಬಂತು, ತಲೆಗೆ ಹೆಲ್ಮೆಟ್ ಯಾವಾಗ ಬಂತು ಎಂದು ಹುಡುಕುತ್ತ ಹೋದ ನಮಗೆ ನಮ್ಮದೇ ಕಸುಬಿನ ಒಂದು ಲೆಕ್ಕ ಅಲ್ಲಿ ಸಿಕ್ಕಿತು. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಕಾಲೂರಿದರೆ ತಪ್ಪು

ಟ್ರಯಲ್ಸ್ ಅಂದರೆ ರೇಸ್ ಅಲ್ಲ. ಇಲ್ಲಿ ಯಾರು ಮೊದಲು ಮುಟ್ಟಿದರು ಎಂಬುದು ಮುಖ್ಯವಲ್ಲ. ಬಂಡೆ, ತೊರೆ, ಕೆಸರು, ಬೇರು ತುಂಬಿದ ಒಂದಿಷ್ಟು ಜಾಗವನ್ನು ಗುರುತು ಹಾಕಿ 'ಸೆಕ್ಷನ್' ಎಂದು ಕರೆಯುತ್ತಾರೆ. ಸವಾರ ಅದನ್ನು ಕಾಲು ನೆಲಕ್ಕೆ ತಾಗಿಸದೆ ದಾಟಬೇಕು. ಪಕ್ಕದಲ್ಲಿ ಒಬ್ಬ ವೀಕ್ಷಕ ಪಟ್ಟಿ ಹಿಡಿದು ನಿಂತಿರುತ್ತಾನೆ. ಒಮ್ಮೆ ಕಾಲೂರಿದರೆ 1 ಅಂಕ, ಮತ್ತೆ ಮತ್ತೆ ಊರಿದರೆ 3, ಬಿದ್ದರೆ ಅಥವಾ ದಾಟಲಾಗದೆ ನಿಂತರೆ 5. ಇವು ತಪ್ಪಿನ ಅಂಕಗಳು. ಎಲ್ಲಕ್ಕಿಂತ ಕಡಿಮೆ ಅಂಕ ಪಡೆದವನೇ ಗೆದ್ದಂತೆ.

ಆಟದ ಹುಟ್ಟು ಹೆಸರಿನಲ್ಲೇ ಇದೆ. ಟ್ರಯಲ್ ಅಂದರೆ ಪರೀಕ್ಷೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಮೋಟಾರು ಸೈಕಲ್ಲಿನ ಮೇಲೆ ಜನಕ್ಕೆ ನಂಬಿಕೆ ಇರಲಿಲ್ಲ. ಗುಡ್ಡ ಹತ್ತುತ್ತದೋ ಇಲ್ಲವೋ, ಮಳೆಗೆ ನಿಲ್ಲುತ್ತದೋ ಇಲ್ಲವೋ ಎಂದು ತೋರಿಸಬೇಕಿತ್ತು. ಸ್ಕಾಟ್ಲೆಂಡಿನ ಎಡಿನ್‌ಬರೋ ಕ್ಲಬ್ಬಿನವರು 1909ರಲ್ಲಿ ಐದು ದಿನಗಳ ಪರೀಕ್ಷೆ ನಡೆಸಿದರು. 1911ಕ್ಕೆ ಅದು ಆರು ದಿನಗಳದ್ದಾಯಿತು. ಈಗಲೂ ಮೇ ತಿಂಗಳಲ್ಲಿ ಫೋರ್ಟ್ ವಿಲಿಯಂ ಸುತ್ತಿನ ಬೆಟ್ಟಗಳಲ್ಲಿ ನಡೆಯುವ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಅದೇ. 1913ರಲ್ಲಿ ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ ದೇಶದೇಶಗಳ ನಡುವಿನ ಇಂಟರ್‌ನ್ಯಾಷನಲ್ ಸಿಕ್ಸ್ ಡೇಸ್ ಟ್ರಯಲ್ ಶುರುವಾಯಿತು. ಅದು ಬಂಡೆ ದಾಟುವ ಆಟಕ್ಕಿಂತ ದೂರದ ಓಟ, ಯಂತ್ರ ಮತ್ತು ಸವಾರ ಇಬ್ಬರ ತಾಳಿಕೆಯ ಪರೀಕ್ಷೆ. 1914ರಲ್ಲಿ ಯಾರ್ಕ್‌ಷೈರಿನ ಆಲ್ಫ್ರೆಡ್ ಆಂಗಸ್ ಸ್ಕಾಟ್ ತಮ್ಮ ಬೈಕು ಕಾರ್ಖಾನೆಯ ಕೆಲಸಗಾರರಿಗೆಂದೇ ಒಂದು ಟ್ರಯಲ್ ಇಟ್ಟರು. ಅದೂ ಅವರ ಹೆಸರಿನಲ್ಲೇ ಇಂದಿಗೂ ನಡೆಯುತ್ತಿದೆ.

ಗಂಡಸರ ಆಟವೆಂದು ತಿಳಿಯಬೇಡಿ. 1927ರಲ್ಲಿ ಇಂಗ್ಲೆಂಡಿನ ಸರೋವರ ಪ್ರಾಂತ್ಯದಲ್ಲಿ ನಡೆದ ಆರು ದಿನಗಳ ಅಂತರರಾಷ್ಟ್ರೀಯ ಟ್ರಯಲ್‌ನಲ್ಲಿ ಮಾರ್ಜೊರಿ ಕಾಟಲ್, ಈಡಿತ್ ಫೋಲಿ, ಲೂಯಿ ಮೆಕ್‌ಲೀನ್ ಎಂಬ ಮೂವರು ಹೆಣ್ಣುಮಕ್ಕಳ ತಂಡ ಬ್ರಿಟನ್ನಿಗೆ ವೇಸ್ ಪ್ರಶಸ್ತಿ ಗೆದ್ದುಕೊಟ್ಟಿತು.

ಸ್ಪ್ರಿಂಗಿನ ಮೇಲೆ ಚರ್ಮ

ಆ ಕಾಲದ ಬೈಕಿನ ಹಿಂದಿನ ಗಾಲಿಗೆ ಶಾಕಪ್ಸ್ ಇರಲಿಲ್ಲ. ಗಾಲಿ ನೇರ ಚಾಸಿಸ್ಸಿಗೆ ಬಿಗಿದಿರುತ್ತಿತ್ತು. ಗುಂಡಿಗೆ ಇಳಿದ ಏಟು ಸವಾರನ ಬೆನ್ನುಹುರಿಗೇ. ಅದನ್ನು ತಡೆಯುವ ಕೆಲಸ ಸೀಟಿನದು. ಹಾಗಾಗಿ ಸೀಟು ಅಂದರೆ ಸೈಕಲ್ ಸೀಟಿನ ದೊಡ್ಡಣ್ಣ: ಕೆಳಗೆ ಎರಡು ದಪ್ಪ ಸುರುಳಿ ಸ್ಪ್ರಿಂಗು, ಮೇಲೆ ಬಿಗಿದ ಚರ್ಮ. ನಮ್ಮ ಅಜ್ಜಂದಿರ ಸೈಕಲ್ಲಿನಿಂದ ನಮಗೆ ಗೊತ್ತಿರುವ ಬ್ರೂಕ್ಸ್ ಹೆಸರು ಬರ್ಮಿಂಗ್‌ಹ್ಯಾಮಿನದು. ಬೈಕಿನ ಸೀಟಿಗೆ ಹೆಸರಾದ ಇನ್ನೊಂದು ಕಂಪನಿ ಟೆರಿ, ಹತ್ತಿರದ ರೆಡ್ಡಿಚ್ ಪಟ್ಟಣದ ಸ್ಪ್ರಿಂಗ್ ತಯಾರಕರು. ರೆಡ್ಡಿಚ್ ಸೂಜಿಗೆ ಹೆಸರಾದ ಊರು. ರಾಯಲ್ ಎನ್‌ಫೀಲ್ಡ್ ಬೈಕು ತಯಾರಾಗುತ್ತಿದ್ದುದೂ ಅಲ್ಲೇ.

ಸೀಟಿನೊಳಗಿನ ಮೆತ್ತೆಯ ಕತೆಯೂ ಆ ಸೀಮೆಯದೇ. 1929ರಲ್ಲಿ ಬರ್ಮಿಂಗ್‌ಹ್ಯಾಮಿನ ಡನ್‌ಲಪ್ ಕಂಪನಿಯವರು ರಬ್ಬರ್ ಹಾಲನ್ನು ಕಡೆದು ನೊರೆ ಮಾಡಿ, ಅದನ್ನು ಬೇಯಿಸಿ ಗಟ್ಟಿ ಮಾಡುವ ದಾರಿ ಕಂಡುಕೊಂಡರು. ನಮ್ಮ ಕಡೆ ಮೆತ್ತನೆಯ ಯಾವ ಗಾದಿಗೂ 'ಡನ್‌ಲಪ್' ಅನ್ನುವ ರೂಢಿ ಬಂದದ್ದು ಅಲ್ಲಿಂದ. ಮೇಲಿನ ಹೊದಿಕೆಗೆ ನಾವು ಹೇಳುವ 'ರೆಗ್ಜಿನ್' ಕೂಡ ಮೂಲದಲ್ಲಿ ಇಂಗ್ಲೆಂಡಿನ ಒಂದು ಕಂಪನಿಯ ಬ್ರಾಂಡು. ಚಾಚಾನ ಅಂಗಡಿಯಲ್ಲಿ ಈಗ ಇರುವುದು ಪ್ಲಾಸ್ಟಿಕ್ ಲೇಪದ ಬಟ್ಟೆ, ಹೆಸರು ಮಾತ್ರ ಹಳೆಯದು.

ಟ್ರಯಲ್ಸ್‌ನವರಿಗೆ ಹಿಂದಿನ ಶಾಕಪ್ಸ್ ಬೇಕಾಗಿಯೂ ಇರಲಿಲ್ಲ. ಬಿಗಿದ ಗಾಲಿಯೇ ನೆಲವನ್ನು ಚೆನ್ನಾಗಿ ಕಚ್ಚುತ್ತದೆ ಎಂಬುದು ಬಲವಾದ ನಂಬಿಕೆ. ಆ ನಂಬಿಕೆಯನ್ನು ಅಲುಗಾಡಿಸಿದ ಬೈಕು ನಮ್ಮ ಎಲ್ಲ ಊರುಗಳಲ್ಲೂ ಇದೆ: ಬುಲೆಟ್. 1948ರ ಫೆಬ್ರವರಿಯಲ್ಲಿ ಕಾಲ್ಮೋರ್ ಕಪ್ ಟ್ರಯಲ್‌ಗೆ ರಾಯಲ್ ಎನ್‌ಫೀಲ್ಡ್‌ನವರು ಹೊಸ 350 ಸಿಸಿ ಬುಲೆಟ್ಟಿನ ಮಾದರಿ ಇಳಿಸಿದರು. ಹಿಂದಿನ ಗಾಲಿ ಸ್ವಿಂಗ್ ಆರ್ಮ್ ಮೇಲೆ ಏರಿಳಿಯುತ್ತಿತ್ತು. ಜನ ಹುಬ್ಬೇರಿಸಿದರು. ಅದೇ ವರ್ಷ ಇಟಲಿಯ ಸಾನ್ ರೆಮೊದಲ್ಲಿ ನಡೆದ ಆರು ದಿನಗಳ ಅಂತರರಾಷ್ಟ್ರೀಯ ಟ್ರಯಲ್‌ನಲ್ಲಿ ಬ್ರಿಟನ್ ತಂಡ ಟ್ರೋಫಿ ಗೆದ್ದಾಗ, ಅದರ ಇಬ್ಬರು ಸವಾರರು ಬುಲೆಟ್ ಮೇಲಿದ್ದರು. ಇಬ್ಬರಿಗೂ ಚಿನ್ನದ ಪದಕ. ಮುಂದೆ ಜಾನಿ ಬ್ರಿಟನ್ ಎಂಬ ಸವಾರ ಎನ್‌ಫೀಲ್ಡ್ ಮೇಲೆಯೇ 1952 ಮತ್ತು 1957ರಲ್ಲಿ ಸ್ಕಾಟಿಷ್ ಆರು ದಿನಗಳನ್ನು ಗೆದ್ದರು.

ಅಂದರೆ ನಮ್ಮ ಊರಿನ ಗೌಡರ ಬುಲೆಟ್, ಪಿಎಸ್‌ಐ ಸಾಹೇಬರ ಬುಲೆಟ್ ಹುಟ್ಟಿದ್ದು ಗತ್ತಿಗಾಗಿ ಅಲ್ಲ, ಕೆಸರಿಗಾಗಿ. ನಮ್ಮ ಸೇನೆಗೆ ಬೇಕಾದ ಬುಲೆಟ್ಟುಗಳು ರೆಡ್ಡಿಚ್‌ನಿಂದ ಬಂದ ಮೇಲೆ, 1955ರಲ್ಲಿ ಮದ್ರಾಸ್ ಮೋಟರ್ಸ್ ಜತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಆಯಿತು. ಮರುವರ್ಷ ತಿರುವೊಟ್ಟಿಯೂರಿನ ಕಾರ್ಖಾನೆ ಕೆಲಸ ಶುರುಮಾಡಿತು. 2019ರಲ್ಲಿ ಅದೇ ಕಂಪನಿ ಜಾನಿ ಬ್ರಿಟನ್ ನೆನಪಿಗೆ 'ಬುಲೆಟ್ ಟ್ರಯಲ್ಸ್' ಎಂಬ ಬೈಕನ್ನು ನಮ್ಮಲ್ಲೂ ಮಾರಾಟಕ್ಕೆ ತಂದಿತು. ಒಬ್ಬರಿಗೇ ಆಗುವ ಸೀಟು, ಹಿಂದೆ ಸಾಮಾನು ಕಟ್ಟಲು ಕ್ಯಾರಿಯರ್. ನಮ್ಮಲ್ಲಿ ಬೈಕು ಅಂದರೆ ಗಂಡ, ಹೆಂಡತಿ, ನಡುವೆ ಒಂದು ಮಗು, ಮುಂದೆ ಟ್ಯಾಂಕಿನ ಮೇಲೆ ಇನ್ನೊಂದು. ಒಂಟಿ ಸೀಟಿನ ಬೈಕು ಬಹಳ ದಿನ ನಿಲ್ಲಲಿಲ್ಲ.

ಸೀಟು ಕರಗಿತು

ಶಾಕಪ್ಸ್ ಬಂದ ಮೇಲೆ ಸೀಟಿನ ಹೊಣೆ ಅರ್ಧ ಇಳಿಯಿತು. ಉಳಿದರ್ಧವನ್ನು ಇಳಿಸಿದವರು ಸವಾರರೇ.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಕೂತು ಓಡಿಸುವಾಗ ಸವಾರ ಮತ್ತು ಬೈಕು ಎರಡೂ ಒಂದೇ ಗಂಟು. ಬೈಕು ವಾಲಿದರೆ ಮೈಯೂ ವಾಲುತ್ತದೆ. ಎದ್ದು ನಿಂತಾಗ ಭಾರವೆಲ್ಲ ಫುಟ್‌ರೆಸ್ಟಿಗೆ ಇಳಿಯುತ್ತದೆ. ಬೈಕನ್ನು ಎಡಕ್ಕೆ ಒರಗಿಸಿ ಮೈಯನ್ನು ಬಲಕ್ಕೆ ಇಟ್ಟು ತೂಕ ಸರಿದೂಗಿಸಬಹುದು. ಮೊಣಕಾಲು, ಹಿಮ್ಮಡಿಗಳೇ ಶಾಕಪ್ಸ್ ಆಗುತ್ತವೆ. ನಮ್ಮ ಕಡೆಯ ಖಾಲಿ ಚಕ್ಕಡಿ ಓಟದಲ್ಲಿ ಗಾಡಿ ಹೊಡೆಯುವವನು ಕೂತಿದ್ದನ್ನು ಯಾರಾದರೂ ನೋಡಿದ್ದೀರಾ? ಕೊರಡು ಹೊಡೆಯುವ ರೈತ ಅದರ ಮೇಲೆ ನಿಂತೇ ತೂಕ ಕೊಡುತ್ತಾನೆ. ಕರಾವಳಿಯ ಕಂಬಳದ ಅಡ್ಡಹಲಗೆಯಲ್ಲಿ ಓಟಗಾರನಿಗೆ ಒಂದು ತುಂಡು ಹಲಗೆ ಸಾಕು. ನೆಲ ನಂಬಿಗಸ್ತವಲ್ಲದ ಕಡೆ ಮನುಷ್ಯ ಎಲ್ಲ ಸೀಮೆಯಲ್ಲೂ ಎದ್ದೇ ನಿಂತಿದ್ದಾನೆ.

ನಿಂತವನಿಗೆ ಎತ್ತರದ ಸೀಟು ಅಡ್ಡಿ. ಬಂಡೆ ಹತ್ತುವಾಗ ಬೈಕು ಮೂತಿ ಎತ್ತಿದರೆ ಸೀಟಿನ ಹಿಂಬದಿ ಸವಾರನ ತೊಡೆಗೆ ಗುದ್ದುತ್ತದೆ. ಹಾಗಾಗಿ ಸೀಟನ್ನು ಕೊರೆಯುತ್ತ ಬಂದರು.

ಈ ಕೊರೆಯುವ ಕೆಲಸದಲ್ಲಿ ದೊಡ್ಡ ಹೆಸರು ಉತ್ತರ ಐರ್ಲೆಂಡಿನ ಸ್ಯಾಮಿ ಮಿಲ್ಲರ್. ಅವರ 500 ಸಿಸಿ ಏರಿಯಲ್ ಬೈಕಿನ ನಂಬರ್ ಜಿಒವಿ 132. ಆಟ ಬಲ್ಲವರಿಗೆ ಆ ನಂಬರೇ ಸಾಕು. ಇಡೀ ಬೈಕನ್ನು ಅವರು ತಕ್ಕಡಿಯಲ್ಲಿಟ್ಟವರಂತೆ ನೋಡಿದರು. ಕಬ್ಬಿಣ ಇದ್ದಲ್ಲಿ ಅಲ್ಯುಮಿನಿಯಂ, ತಗಡು ಇದ್ದಲ್ಲಿ ಫೈಬರ್. ಸುಮಾರು 130 ಕೆಜಿ ತೂಗುತ್ತಿದ್ದ ಮಾದರಿ ಅವರ ಕೈಯಲ್ಲಿ 110ರ ಆಸುಪಾಸಿಗೆ ಇಳಿಯಿತು. 1959ರಿಂದ 1969ರವರೆಗೆ ಸತತ 11 ಬಾರಿ ಅವರೇ ಬ್ರಿಟನ್ನಿನ ಚಾಂಪಿಯನ್.

1964ರ ಕೊನೆಗೆ ಮಿಲ್ಲರ್ ಏರಿಯಲ್ ಬಿಟ್ಟು ಸ್ಪೇನಿನ ಬಾರ್ಸಿಲೋನಾದ ಬುಲ್ಟಾಕೊ ಕಂಪನಿಗೆ ಹೋದರು. ಅದರ ಮಾಲೀಕ ಫ್ರಾನ್ಸೆಸ್ಕ್ ಬುಲ್ಟೊ ಮೊದಲು ಮೊಂಟೆಸಾ ಕಂಪನಿಯಲ್ಲಿದ್ದವರು. ಮೊಂಟೆಸಾ ರೇಸಿನಿಂದ ಹಿಂದೆ ಸರಿದಾಗ ಜಗಳ ಕಾದು ಹೊರಬಂದು 1958ರಲ್ಲಿ ತಮ್ಮದೇ ಕಂಪನಿ ಕಟ್ಟಿದ್ದರು. ಮಿಲ್ಲರ್ ಮತ್ತು ಬುಲ್ಟೊ ಸೇರಿ ರೂಪಿಸಿದ ಶೆರ್ಪಾ ಟಿ ಟೂ ಸ್ಟ್ರೋಕ್ ಬೈಕು, ತೂಕ 90 ಕೆಜಿ ಆಸುಪಾಸು. 1965ರಲ್ಲಿ ಮಿಲ್ಲರ್ ಅದರ ಮೇಲೆ ಸ್ಕಾಟಿಷ್ ಆರು ದಿನಗಳನ್ನು ಗೆದ್ದರು. ಟೂ ಸ್ಟ್ರೋಕ್ ಬೈಕೊಂದು ಅಲ್ಲಿ ಗೆದ್ದದ್ದು ಅದೇ ಮೊದಲು. ಭಾರದ ಬ್ರಿಟಿಷ್ ಬೈಕುಗಳ ಕಾಲ ಅಲ್ಲಿಗೆ ಮುಗಿಯಿತೆನ್ನಬೇಕು. 1968ರಲ್ಲಿ ಬಂದ ಮೊಂಟೆಸಾ ಕೋಟಾ 247 ಬೈಕಿನಲ್ಲಿ ಟ್ಯಾಂಕು ಮತ್ತು ಸೀಟು ಒಂದೇ ಅಚ್ಚಿನ ಫೈಬರ್ ತುಂಡು. ಎಲ್ಲಿ ಟ್ಯಾಂಕು ಮುಗಿದು ಎಲ್ಲಿ ಸೀಟು ಶುರುವಾಯಿತು ಎಂದು ಕೈ ಆಡಿಸಿಯೇ ನೋಡಬೇಕು. ಸೀಟು ಅಂದರೆ ಇನ್ನು ಸೆಕ್ಷನ್‌ನಿಂದ ಸೆಕ್ಷನ್‌ಗೆ ಹೋಗುವಾಗ ಕೂರುವ ಒಂದು ಮಣೆ.

1975ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಶುರುವಾಯಿತು, ಬುಲ್ಟಾಕೊ ಮೇಲೆ ಮಾರ್ಟಿನ್ ಲ್ಯಾಂಪ್ಕಿನ್ ಮೊದಲ ವಿಜೇತ. 1980ರ ದಶಕದಲ್ಲಿ ಹಿಂದೆ ಎರಡು ಶಾಕಪ್ಸ್ ಹೋಗಿ ನಡುವೆ ಒಂದೇ ಬಂತು. ಅದೇ ಹೊತ್ತಿಗೆ ಸ್ಪೇನಿನ ಜೋರ್ಡಿ ಟಾರೆಸ್ ಬಂದರು. ಸೈಕಲ್ ಟ್ರಯಲ್ಸ್‌ನಲ್ಲಿ ಪಳಗಿದವರು. ನಿಂತಲ್ಲೇ ಗಾಲಿ ಹಾರಿಸಿ ಬೈಕನ್ನು ಪಕ್ಕಕ್ಕೆ ಇಡುವ ವಿದ್ಯೆಯನ್ನು ಅವರು ಸೈಕಲ್ಲಿನಿಂದ ಬೈಕಿಗೆ ತಂದರು, 7 ಬಾರಿ ವಿಶ್ವ ಚಾಂಪಿಯನ್ ಆದರು. ಹಾಗೆ ಹಾರುವವನಿಗೆ ಸೀಟು ಯಾತಕ್ಕೆ? 2007ರಿಂದ 2024ರವರೆಗೆ ಒಂದು ವರ್ಷವೂ ತಪ್ಪದೆ ವಿಶ್ವ ಪ್ರಶಸ್ತಿ ಗೆದ್ದ ಟೋನಿ ಬೌ ಓಡಿಸುವ ಬೈಕಿನಲ್ಲಿ ಸೀಟಿನ ಜಾಗ ನೆಲದಿಂದ ಸುಮಾರು 65 ಸೆಂಟಿಮೀಟರ್. ನಮ್ಮ ಮಾಮೂಲಿ ಬೈಕಿನ ಸೀಟು 80ರ ಹತ್ತಿರ. ಅಲ್ಲಿರುವುದು ಅಂಗೈ ಅಗಲದ ಒಂದು ಪಟ್ಟಿ.

ಆದರೆ ಒಂದು ತಮಾಷೆ ನೋಡಿ. ಬಂಡೆ ಹಾರಲು ಬಾರದ, ಆದರೆ ಬೆಟ್ಟದಲ್ಲಿ ಇಡೀ ದಿನ ಸುತ್ತಬೇಕೆನ್ನುವ ಜನ ಸೀಟು ಕೇಳುತ್ತಲೇ ಇದ್ದರು. 2016ರಲ್ಲಿ ಮೊಂಟೆಸಾ ಕಂಪನಿಯೇ 4ರೈಡ್ ಎಂಬ ಮಾದರಿಯಲ್ಲಿ ಟ್ರಯಲ್ಸ್ ಬೈಕಿನ ಮೇಲೆ ಮತ್ತೆ ಸೀಟು ಕೂರಿಸಿತು. ಸೀಟು ಬೇಡವೆಂದವನೂ ಸವಾರ, ಬೇಕೆಂದವನೂ ಸವಾರ. ಎರಡು ಸಲವೂ ಕಂಪನಿ ಕೇಳಿದ್ದು ಓಡಿಸುವವನ ಮೈಯ ಮಾತನ್ನು.

ಮೀನುಗಾರನ ಅಂಗಿ

ಬಟ್ಟೆಯ ಕತೆ ಸಮುದ್ರದಿಂದ ಶುರುವಾಗುತ್ತದೆ. ಹಡಗಿನ ಪಟ ಒದ್ದೆಯಾದರೆ ಭಾರ, ಒಣಗಿದರೆ ಗಾಳಿ ಸೋರುತ್ತದೆ. ಅದಕ್ಕೆ ನಾವಿಕರು ಪಟಕ್ಕೆ ಅಗಸೆ ಎಣ್ಣೆ ಬಳಿದರು. ಹಳೆಯ ಪಟದ ತುಂಡುಗಳನ್ನೇ ಹೊಲಿದು ಮಳೆಯಂಗಿ ಮಾಡಿಕೊಂಡರು. ಅಗಸೆ ನಮ್ಮ ಉತ್ತರ ಕರ್ನಾಟಕದ್ದೂ ಬೆಳೆ. ನಾವು ಅದರ ಚಟ್ನಿಪುಡಿ ಕುಟ್ಟಿಕೊಂಡು ರೊಟ್ಟಿಗೆ ಹಚ್ಚಿಕೊಂಡೆವು, ಅವರು ಎಣ್ಣೆ ತೆಗೆದು ಬಟ್ಟೆಗೆ ಹಚ್ಚಿದರು. ಆದರೆ ಅಗಸೆ ಎಣ್ಣೆಯ ಬಟ್ಟೆ ಚಳಿಗೆ ಬಿರುಸಾಗುತ್ತಿತ್ತು, ಕಾಲ ಕಳೆದಂತೆ ಹಳದಿಯಾಗುತ್ತಿತ್ತು. ಮುಂದೆ ಹತ್ತಿ ಬಟ್ಟೆಗೆ ಮೇಣ ಹಾಯಿಸುವ ವಿಧಾನ ಬಂತು.

ಜಾನ್ ಬಾರ್ಬರ್ 1894ರಲ್ಲಿ ಇಂಗ್ಲೆಂಡಿನ ಸೌತ್ ಶೀಲ್ಡ್ಸ್ ಬಂದರಿನಲ್ಲಿ ಅಂಗಡಿ ತೆರೆದದ್ದು ನಾವಿಕರಿಗೆ, ಮೀನುಗಾರರಿಗೆ, ಹಡಗುಕಟ್ಟೆಯ ಕೂಲಿಗಳಿಗೆ ಇಂಥ ಮಳೆಯಂಗಿ ಮಾರಲು. ಆ ಮನೆತನದ ಡಂಕನ್ ಬಾರ್ಬರ್‌ಗೆ ಬೈಕಿನ ಹುಚ್ಚು. 1936ರಲ್ಲಿ ಅವರು ಆರು ದಿನಗಳ ಅಂತರರಾಷ್ಟ್ರೀಯ ಟ್ರಯಲ್‌ನ ಸವಾರರಿಗೆಂದು ಮೇಣದ ಬಟ್ಟೆಯ ಸೂಟು ಮಾಡಿಸಿದರು. ಅದರ ಹೆಸರೇ ಇಂಟರ್‌ನ್ಯಾಷನಲ್. ಅದರ ಎಡ ಎದೆಯ ಜೇಬು ಸೊಟ್ಟಗಿದೆ. ನೋಡಿದವರು ದರ್ಜಿ ತಪ್ಪಿದ ಅಂದುಕೊಳ್ಳಬೇಕು. ಆದರೆ ಹ್ಯಾಂಡಲ್ ಮೇಲೆ ಒಂದು ಕೈ ಇಟ್ಟುಕೊಂಡೇ ಇನ್ನೊಂದು ಕೈಯಿಂದ ನಕ್ಷೆ ತೆಗೆಯಲು ಜೇಬು ಹಾಗೇ ಇರಬೇಕು. ಎರಡನೇ ಮಹಾಯುದ್ಧದಲ್ಲಿ 'ಉರ್ಸುಲಾ' ಎಂಬ ಜಲಾಂತರ್ಗಾಮಿಯ ಕ್ಯಾಪ್ಟನ್ ಈ ಸೂಟನ್ನು ನೋಡಿ ತನ್ನವರಿಗೂ ಮಾಡಿಸಿದ. ಕಡಲಿನವರ ಅಂಗಿ ಬೈಕಿಗೆ ಹೋಗಿ, ಬೈಕಿನಿಂದ ಮತ್ತೆ ಕಡಲಿಗೆ ಇಳಿಯಿತು.

ಇನ್ನೊಂದು ಕಂಪನಿ ಬೆಲ್‌ಸ್ಟಾಫ್, 1924ರಲ್ಲಿ ಸ್ಟಾಫರ್ಡ್‌ಷೈರಿನಲ್ಲಿ ಹುಟ್ಟಿದ್ದು. 1948ರಲ್ಲಿ ಅವರು ತಂದ ನಾಲ್ಕು ಜೇಬಿನ, ನಡುಪಟ್ಟಿಯ ಜಾಕೆಟ್ಟಿನ ಹೆಸರು ಟ್ರಯಲ್‌ಮಾಸ್ಟರ್. ಸ್ಕಾಟ್ಲೆಂಡಿನ ಮಳೆಗೆ ಹೊಲಿದ ಈ ಎರಡೂ ಅಂಗಿ ಇವತ್ತು ದೊಡ್ಡ ಶಹರಗಳ ಫ್ಯಾಷನ್ ಅಂಗಡಿಯಲ್ಲಿವೆ. ಟ್ರಯಲ್ಸ್ ಸವಾರರು ಮಾತ್ರ ಅವನ್ನು ಬಿಟ್ಟು ಬಹಳ ಕಾಲವಾಯಿತು. ಅವರ ಮೈಮೇಲೆ ಈಗ ಹಿಗ್ಗುವ ತೆಳು ಬಟ್ಟೆ. ಕಾಲಿಗೂ ಹಾಗೆಯೇ. ಮೊದಲು ಕೆಸರಿನ ರಬ್ಬರ್ ಬೂಟು ಹಾಕುತ್ತಿದ್ದರು. ಇಟಲಿಯ ಆಸೊಲೊದಲ್ಲಿ 1963ರಲ್ಲಿ ಶುರುವಾದ ಆಲ್ಪೈನ್‌ಸ್ಟಾರ್ಸ್‌ನಂಥ ಕಂಪನಿಗಳು ಬೆಟ್ಟ ಹತ್ತುವವರ ಬೂಟು ಹೊಲಿಯುವ ವಿದ್ಯೆಯನ್ನು ಬೈಕಿಗೆ ತಂದವು. ಮೋಟೊಕ್ರಾಸ್ ಬೂಟು ಕಾಲನ್ನು ಕೋಟೆಯಂತೆ ಕಟ್ಟಿಹಾಕುತ್ತದೆ. ಟ್ರಯಲ್ಸ್ ಬೂಟು ಹಿಮ್ಮಡಿಯ ಬಳಿ ಬಾಗಲೇಬೇಕು, ಇಲ್ಲದಿದ್ದರೆ ಫುಟ್‌ರೆಸ್ಟಿನ ಮೇಲೆ ತೂಕ ಆಡಿಸಲು ಬರುವುದಿಲ್ಲ.

ನಮ್ಮ ಹಿರಿಯರಿಗೂ ಮಳೆಗೆ ಒಂದು ಉತ್ತರವಿತ್ತು: ಕಂಬಳಿ ಕೊಪ್ಪೆ. ಮಲೆನಾಡಿನ ಅಂಚಿನ ಹಾನಗಲ್ ಸೀಮೆಯಲ್ಲಿ ಗೊರಬನ್ನೂ ನೋಡಿದ್ದೇವೆ. ಬಗ್ಗಿ ನಾಟಿ ಮಾಡುವ ಬೆನ್ನಿಗೆ ಬೇಕಾದಂತೆ ಹೆಣೆದದ್ದು ಅದು. ಸವಾರನಿಗೆ ಸೊಟ್ಟ ಜೇಬು ಇಟ್ಟ ದರ್ಜಿ, ನಾಟಿಯವಳಿಗೆ ಗೊರಬು ಹೆಣೆದವ, ಇಬ್ಬರೂ ಕೆಲಸ ನೋಡಿ ಬಟ್ಟೆ ಮಾಡಿದವರು.

ಅರಗಿನ ಟೋಪಿ

ತಲೆಯ ಕತೆ ಮಾತ್ರ ಹೀಗೆ ಸಲೀಸಾಗಿ ನಡೆಯಲಿಲ್ಲ.

ಹಳೆಯ ಟ್ರಯಲ್ಸ್ ಫೋಟೊಗಳನ್ನು ನೋಡಿ. ಮೈಮೇಲೆ ಮೇಣದ ಕೋಟು, ಕಾಲಿಗೆ ಬೂಟು, ತಲೆಗೆ ಬಟ್ಟೆ ಟೋಪಿ. ಎಷ್ಟೋ ಜನರದು ಬರಿತಲೆ. ನಿಧಾನ ಹೋಗುವ ಆಟಕ್ಕೆ ಹೆಲ್ಮೆಟ್ ಯಾತಕ್ಕೆ ಎಂಬ ಮಾತು. ನಮ್ಮೂರಲ್ಲಿ ಇವತ್ತೂ ಕೇಳುವ ಮಾತೇ: ಇಲ್ಲೇ ಹೋಗಿ ಬರ್ತೀನಿ, ಎದಕ್ಕ ಬೇಕ್ರಿ?

ವೇಗದವರಿಗೆ ಬುದ್ಧಿ ಮೊದಲು ಬಂತು. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನ ವೈದ್ಯ ಎರಿಕ್ ಗಾರ್ಡ್ನರ್ ತಲೆ ಒಡೆದುಕೊಂಡು ಬರುವ ಸವಾರರನ್ನು ನೋಡಿ ನೋಡಿ ಬೇಸತ್ತು, ಕ್ಯಾನ್ವಾಸಿಗೆ ಅರಗು ಹಾಕಿ ಗಟ್ಟಿ ಮಾಡಿದ ಒಂದು ಹೆಲ್ಮೆಟ್ ಮಾಡಿಸಿದರು. ಸಂಘಟಕರು ಮೊದಲು ಬೇಡವೆಂದರು. ಆಮೇಲೆ ಒಪ್ಪಿ 1914ರ ಐಲ್ ಆಫ್ ಮ್ಯಾನ್ ರೇಸಿಗೆ ಕಡ್ಡಾಯ ಮಾಡಿದರು. ಮಹಾಭಾರತದ ಅರಗಿನ ಮನೆ ಒಳಗಿದ್ದವರನ್ನು ಸುಡಲು ಕಟ್ಟಿದ್ದು. ಅರಗಿನ ಟೋಪಿ ಒಳಗಿದ್ದ ತಲೆಯನ್ನು ಕಾಯಲು.

ದಾರಿಯ ಮೇಲಿನ ಸವಾರನ ತಲೆಗೆ ಇನ್ನೂ ಎರಡು ದಶಕ ಯಾರೂ ಲಕ್ಷ್ಯ ಕೊಡಲಿಲ್ಲ. 1935ರ ಮೇ 13ರಂದು 'ಅರೇಬಿಯಾದ ಲಾರೆನ್ಸ್' ಎಂದು ಹೆಸರಾದ ಟಿ.ಇ. ಲಾರೆನ್ಸ್ ಬೈಕಿನಿಂದ ಬಿದ್ದರು. ತಲೆಗೆ ಹೆಲ್ಮೆಟ್ ಇರಲಿಲ್ಲ. ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಒಬ್ಬರು ಆಸ್ಟ್ರೇಲಿಯಾ ಮೂಲದ ಮಿದುಳು ಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್. ಯುದ್ಧ ಶುರುವಾದ ಮೇಲೆ ಕೇರ್ನ್ಸ್ ಲೆಕ್ಕ ಹಾಕತೊಡಗಿದರು. ಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತ ಬೈಕ್ ಸವಾರರು ಮತ್ತು ಹಿಂದೆ ಕೂತವರು 2,279. ಅವರಲ್ಲಿ ಬಹಳ ಜನರ ಸಾವಿಗೆ ಕಾರಣ ತಲೆಯ ಪೆಟ್ಟು. ಹೆಲ್ಮೆಟ್ ಹಾಕಿದ್ದು ಬಿದ್ದವರು ಅವರಿಗೆ ಸಿಕ್ಕಿದ್ದು 7 ಜನ ಮಾತ್ರ, 7 ಜನವೂ ಬದುಕಿದ್ದರು. ಈ ಲೆಕ್ಕವನ್ನು ಅವರು 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಅದೇ ವರ್ಷದ ನವೆಂಬರಿನಲ್ಲಿ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಸಾಮಾನ್ಯ ಜನಕ್ಕೆ ಆ ಕಾನೂನು ಬಂದದ್ದು 1973ರಲ್ಲಿ. ಕೇರ್ನ್ಸ್ ಅದಕ್ಕೆ 20 ವರ್ಷ ಮೊದಲೇ ತೀರಿಕೊಂಡಿದ್ದರು.

ಸೇನೆಯ ಆ ಸವಾರರನ್ನು ಡಿಸ್ಪ್ಯಾಚ್ ರೈಡರ್ ಅನ್ನುತ್ತಿದ್ದರು. ಅವರ ಕೆಲಸ ಸುದ್ದಿ ಒಯ್ಯುವುದು.

ಇಲ್ಲಿಗೆ ಬಂದಾಗ ನಾವು ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಹೊರಗೆ ಹೋಗಿ ಕೂತೆವು.

ಮಾಸ್ತರು

ನಮಗೆ ಸುದ್ದಿ ಬರೆಯಲು ಕಲಿಸಿದ ಹಿರಿಯರೊಬ್ಬರಿದ್ದಾರೆ. ಶಾಲೆಯಲ್ಲಿ ಪಾಠ ಹೇಳಿದವರಲ್ಲ, ಆದರೂ ಎಲ್ಲರಿಗೂ ಮಾಸ್ತರು. ಡಿಪ್ಲೊಮಾ ಮುಗಿಸಿ ಬಂದ ನಮಗೆ ಐದು ಡಬ್ಲ್ಯೂ ಗೊತ್ತಿತ್ತು. ಯಾವ ಊರಿನಲ್ಲಿ ಯಾರ ಕಟ್ಟೆಯ ಮೇಲೆ ಕೂತರೆ ನಿಜ ಸಿಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಹಾವೇರಿ ಜಿಲ್ಲೆಯ ಹಳ್ಳಿಗಳ ಹೆಸರನ್ನು ಹೋಬಳಿವಾರು ಬಾಯಲ್ಲಿ ಹೇಳುತ್ತಿದ್ದರು.

2019ರ ಆಗಸ್ಟ್‌ನಲ್ಲಿ ವರದಾ ನದಿ ಉಕ್ಕಿದಾಗ ಅವರೂ ನಾವೂ ಬೇರೆ ಬೇರೆ ಬೈಕಿನಲ್ಲಿ ನದಿಪಾತ್ರದ ಹಳ್ಳಿಗಳಿಗೆ ಹೋಗಿದ್ದೆವು. ಬರುವಾಗ ಕತ್ತಲಾಗಿತ್ತು. ಅವರ ಹೆಲ್ಮೆಟ್ ಕನ್ನಡಿಗೆ ನೇತಾಡುತ್ತಿತ್ತು. ಡೆಸ್ಕಿನಿಂದ ಫೋಟೊ ಕೇಳಿ ಮತ್ತೆ ಮತ್ತೆ ಫೋನು ಬರುತ್ತಿತ್ತು, ಪ್ರತಿ ಸಲ ತೆಗೆದು ಹಾಕಲು ಎಲ್ಲಿ ಪುರಸೊತ್ತು? ನೀರು ಕೊರೆದಿದ್ದ ಸಿಡಿ ಮೋರಿಯ ಬಳಿ ಮುಂಗಾಲಿ ಇಳಿಯಿತು. ವೇಗ ಇಪ್ಪತ್ತೂ ಇರಲಿಲ್ಲ. ನಿಧಾನದ ಆಟ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದು ಎದ್ದು ಬಂದರು. ನಡೆಯುತ್ತಾರೆ, ಉಣ್ಣುತ್ತಾರೆ, ನಗುತ್ತಾರೆ. ಹೆಸರುಗಳು ಮಾತ್ರ ಹೋಗಿವೆ. ನಮ್ಮನ್ನು ನೋಡಿ, "ಬಾರಪ್ಪಾ" ಅನ್ನುತ್ತಾರೆ, ಮುಂದಿನದನ್ನು ಹುಡುಕುತ್ತಾರೆ. ಅವರು ಇಪ್ಪತ್ತು ವರ್ಷ ಬರೆದ ಪತ್ರಿಕೆಯ ಸಂಬಳದ ಪಟ್ಟಿಯಲ್ಲಿ ಅವರ ಹೆಸರು ಯಾವತ್ತೂ ಇರಲಿಲ್ಲ. ಸ್ಟ್ರಿಂಗರ್‌ಗೆ ದುಡ್ಡು ಸುದ್ದಿಯ ಲೆಕ್ಕದಲ್ಲಿ, ಪೆಟ್ರೋಲು ಅವನದು, ಗಾಡಿ ಅವನದು, ತಲೆ ಅವನದು. ಆಸ್ಪತ್ರೆಯ ಬಿಲ್ಲನ್ನು ನಾವೆಲ್ಲ ಗೆಳೆಯರು ಪಟ್ಟಿ ಹಾಕಿ ಕಟ್ಟಿದೆವು.

ಕಾನೂನು ಇಲ್ಲವೆಂದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಹೆಲ್ಮೆಟ್ ಹಾಕಿ ಅನ್ನುತ್ತದೆ. 2016ರ ಜನವರಿಯಿಂದ ನಮ್ಮ ರಾಜ್ಯದಲ್ಲಿ ಹಿಂದೆ ಕೂತವರಿಗೂ ಕಡ್ಡಾಯವಾಯಿತು. ಆ ಸುದ್ದಿಯನ್ನು ಬರೆದವರೂ ನಾವೇ. ಮಾಸ್ತರರ ತಪ್ಪೇನೂ ಇಲ್ಲವೆಂದೂ ನಾವು ಹೇಳುವುದಿಲ್ಲ. ಹೆಲ್ಮೆಟ್ ಕೈಯಳತೆಯಲ್ಲೇ ಇತ್ತು. ಆದರೆ 1941ರ ಆ ಲೆಕ್ಕ ನಮ್ಮ ತಲೆಯಿಂದ ಹೋಗುತ್ತಿಲ್ಲ. ಸುದ್ದಿ ಒಯ್ಯುವವನ ತಲೆ ಸುದ್ದಿ ತರಿಸಿಕೊಳ್ಳುವವನ ಹೊಣೆ ಎಂದು ಒಬ್ಬ ವೈದ್ಯ ಅಂಕಿ ಇಟ್ಟು ತೋರಿಸಿದ, ಯುದ್ಧದ ನಡುವೆಯೂ ಸೇನೆ ಕೇಳಿತು. ಹೆಲ್ಮೆಟ್ ಕೊಟ್ಟಿತು, ಹಾಕಿಕೊಂಡೇ ಹೋಗು ಎಂದು ಆಜ್ಞೆಯನ್ನೂ ಕೊಟ್ಟಿತು.

ಇತ್ತೀಚೆಗೆ ನಮ್ಮವರೇ ದೊಡ್ಡ ದಾರಿಗಳಲ್ಲಿ ನಿಂತು ಓಡಿಸುತ್ತಿದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯರಾದರು. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಅದನ್ನು ಮುಗಿಸಿದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಮರಳುಗಾಡಿನ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದರು. 2021ರಲ್ಲಿ ಡಕಾರ್‌ನವರು ಎಲ್ಲ ಬೈಕ್ ಸವಾರರಿಗೂ ಗಾಳಿಚೀಲದ ಜಾಕೆಟ್ ಕಡ್ಡಾಯ ಮಾಡಿದರು. ಅದೇ ರ‍್ಯಾಲಿಯಲ್ಲಿ ಸಂತೋಷ್ ಸೌದಿಯ ಮರಳಿನಲ್ಲಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಹೆಲಿಕಾಪ್ಟರ್ ಬಂತು. ಎದ್ದು ಊರಿಗೆ ಬಂದರು. ಅಲ್ಲಿ ಸವಾರನ ಮೈ ಆಟ ನಡೆಸುವವರ ಲೆಕ್ಕದಲ್ಲಿದೆ.

ನಾವು ಎಂಟು ಜನ ಸ್ಟ್ರಿಂಗರ್‌ಗಳು ಈ ವರ್ಷ ಒಂದು ಕಾಗದ ಬರೆದಿದ್ದೇವೆ, ನಾವು ಸುದ್ದಿ ಕಳಿಸುವ ಎಲ್ಲ ಕಚೇರಿಗಳಿಗೂ. ಕೇಳಿದ್ದು ಎರಡೇ: ವರ್ಷಕ್ಕೊಂದು ಅಪಘಾತ ವಿಮೆ, ಐಎಸ್‌ಐ ಗುರುತಿನ ಒಂದು ಹೆಲ್ಮೆಟ್. ಉತ್ತರ ಒಂದು ಕಡೆಯಿಂದ ಬಂದಿದೆ, ಪರಿಶೀಲಿಸುತ್ತೇವೆ ಎಂದು. ನಮ್ಮ ನಡುವೆ ಇನ್ನೊಂದು ಕರಾರು ಮಾಡಿಕೊಂಡೆವು. ಗಾಡಿ ಓಡುತ್ತಿರುವಾಗ ಡೆಸ್ಕಿನ ಫೋನು ಎತ್ತುವುದಿಲ್ಲ. ಇದನ್ನು ಡೆಸ್ಕಿಗೂ ತಿಳಿಸಿದ್ದೇವೆ. ಎರಡು ದಿನ ಸಿಟ್ಟಾದರು, ಈಗ ರೂಢಿಯಾಗಿದೆ.

ಚಾಚಾ ಅವತ್ತು ಸ್ಪಂಜು ಕೊಯ್ಯುವ ಮೊದಲು ಕೇಳಿದ್ದರು, "ಹೆಂಗೂ ನಿಂತ ಹೋಗ್ತೀರಿ. ಹಿಂದಿನ ಸೀಟ್ ಕಡಿದು ಕ್ಯಾರಿಯರ್ ಹಾಕೂಣೇನ್ರಿ? ಕ್ಯಾಮೆರಾ ಬ್ಯಾಗಿಗೆ ಅನುಕೂಲ ಆಗತೈತಿ."

ಬೇಡವೆಂದೆವು. ಹಿಂದಿನ ಸೀಟಿಗೆ ಇನ್ನೂ ಒಂದು ಇಂಚು ಫೋಮ್ ಹಾಕಿಸಿದೆವು, ಹಿಡಿದುಕೊಳ್ಳಲು ಕಬ್ಬಿಣದ ಹಿಡಿ ಕೂರಿಸಿದೆವು. ಭಾನುವಾರ ಮಾಸ್ತರರನ್ನು ಕೂರಿಸಿಕೊಂಡು ಹಳ್ಳಿ ಕಡೆ ಹೋಗುತ್ತೇವೆ. ಅವರ ಹೆಲ್ಮೆಟ್ಟಿನ ಪಟ್ಟಿಯನ್ನು ನಾವೇ ಬಿಗಿಯುತ್ತೇವೆ. ಆ ದಿನ ನಿಂತು ಓಡಿಸುವುದಿಲ್ಲ, ನಿಧಾನ ಕೂತೇ ಹೋಗುತ್ತೇವೆ. ಊರಿನ ಅಗಸಿ ಬಾಗಿಲು ಬಂದಾಗ ಅವರು ಹಿಂದಿನಿಂದ ಒಮ್ಮೊಮ್ಮೆ ಊರಿನ ಹೆಸರು ಹೇಳುತ್ತಾರೆ. ಹೋದ ಭಾನುವಾರ ಎರಡು ಸರಿಯಾಗಿ ಹೇಳಿದರು.